ಬೀಗ ಹಾಕಿದ ಮನೆಗೆ ಕಾವಲು ಯಾರು?

ಹಾಸ್ಟೆಲಿನ ಗೆಳೆಯರೇ,

ನಮ್ಮ ಕೇರಿಗಳಲ್ಲಿ ಒಂದೇ ಕೋಣೆಯ ಮನೆಯಲ್ಲಿ ಮೂರು ಒಲೆ ಉರಿಯುತ್ತವೆ. ಅಪ್ಪ ಅವ್ವನದೊಂದು, ಅಣ್ಣ ಅತ್ತಿಗೆಯದೊಂದು, ಗಂಡನ್ನ ಕಳಕೊಂಡು ತವರಿಗೆ ಬಂದ ಅಕ್ಕನದೊಂದು. ರಾತ್ರಿ ಮಲಗೋಕೆ ಜಾಗ ಸಾಲದೆ ಹುಡುಗರು ಚಾಪೆ ಸುತ್ತಿಕೊಂಡು ಸಮುದಾಯ ಭವನದ ಕಟ್ಟೆಗೆ ಹೋಗುತ್ತಾರೆ. ಇದು ನಿಮಗೆಲ್ಲ ಗೊತ್ತಿರೋ ಮನೆ. ಈಗ ಗುಡ್ಡ ಇರುವ ಸೀಮೆಗಳಲ್ಲಿ ಇನ್ನೊಂದು ಥರದ ಮನೆಗಳು ಏಳುತ್ತಿವೆ. ನಾಲ್ಕು ಕೋಣೆ, ಮುಂದೆ ಹುಲ್ಲಿನ ಹಾಸು, ಸುತ್ತ ತಂತಿ ಬೇಲಿ, ಕಬ್ಬಿಣದ ಗೇಟು. ವರ್ಷದ ಹೆಚ್ಚಿನ ದಿನ ಆ ಗೇಟಿಗೆ ಬೀಗ. ಒಲೆಯೇ ಉರಿಯದ ಮನೆಗೆ ನಾಲ್ಕು ಕೋಣೆ, ಮೂರು ಒಲೆ ಉರಿಯುವ ಮನೆಗೆ ಒಂದು ಕೋಣೆ. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸಿದರು ಅಂತ ಕೇಳೋದು ನಮ್ಮ ಕೆಲಸ.

ಪೇಟೆಯವರು ಇದಕ್ಕೆ 'ಎರಡನೇ ಮನೆ' ಅನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು, ಗುಡ್ಡದ ಮೇಲೊಂದು. ಶನಿವಾರ ಬಂದು ಭಾನುವಾರ ಹೋಗೋ ಮನೆ. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ಈ ವ್ಯಾಪಾರ ದೊಡ್ಡದಾಗಿ ನಡೆದಿದೆ. "ಅದು ಮಲೆನಾಡಿನ ಸುದ್ದಿ, ಬಳ್ಳಾರಿ, ವಿಜಯನಗರ ಜಿಲ್ಲೆಯ ಬಿಸಿಲಿನವರಿಗೆ ಯಾಕೆ?" ಅಂತ ಯಾರಾದರೂ ಕೇಳಿದರೆ, ಮರಿಯಮ್ಮನಹಳ್ಳಿಯಿಂದ ಮೂಡಲ ದಿಕ್ಕಿಗೆ ತಿರುಗಿ ನೋಡಿ ಅಂತ ಹೇಳುತ್ತೇವೆ. ಅಲ್ಲಿ ಸಂಡೂರಿನ ಗುಡ್ಡ ಇದೆ. ಈ ನಾಡಿನಲ್ಲಿ ಎರಡನೇ ಮನೆ ಮೊದಲು ಎದ್ದ ಜಾಗಗಳಲ್ಲಿ ಅದೂ ಒಂದು.

ರಾಮನದುರ್ಗದ ಕಥೆ ಕೇಳಿ. ಬಳ್ಳಾರಿಯಲ್ಲಿ ಇಂಗ್ಲಿಷರ ದಂಡು ಇತ್ತು. ಬಳ್ಳಾರಿಯ ಬೇಸಿಗೆ ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 19ನೇ ಶತಮಾನದ ನಡುಭಾಗದಲ್ಲಿ ಗೋರಾ ಸಿಪಾಯಿಗಳಿಗೆ, ಕಲೆಕ್ಟರುಗಳಿಗೆ, ಅವರ ದೊರೆಸಾನಿಯರಿಗೆ ತಂಪು ಗಾಳಿ ಬೇಕಾಯಿತು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಸಂಡೂರಿನ ಗುಡ್ಡದ ಮೇಲೆ, ಮೂರು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ, ಅವರಿಗಾಗಿ ಬಂಗಲೆಗಳು ಎದ್ದವು. ಬೇಸಿಗೆಗೆ ಬಂದು ಮಳೆಗಾಲಕ್ಕೆ ಇಳಿದುಹೋಗುವ ಮನೆಗಳು. ಆ ಬಂಗಲೆಗಳಿಗೆ ಕಲ್ಲು ಹೊತ್ತವರು ಯಾರು, ನೀರು ಹೊತ್ತವರು ಯಾರು, ಸಾಹೇಬರ ಕಕ್ಕಸು ತೊಳೆದವರು ಯಾರು ಅಂತ ಊಹಿಸೋಕೆ ಬಹಳ ಓದಬೇಕಾಗಿಲ್ಲ. ಸಾಹೇಬರ ಹೆಸರು ಗೆಜೆಟಿಯರಿನಲ್ಲಿ ಉಳಿಯಿತು. ಹೊತ್ತವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಇವತ್ತು ಅಲ್ಲಿ ಮುರಿದ ಗೋಡೆಗಳಿವೆ.

ಉದಕಮಂಡಲದ್ದೂ ಇದೇ ಕಥೆ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ತೋಡರ ಹುಲ್ಲುಗಾವಲನ್ನು ಎಕರೆಗೆ ಒಂದು ರೂಪಾಯಿಯಂತೆ ತೆಗೆದುಕೊಂಡ. ಅಲ್ಲಿಂದ ಊಟಿ ಬೆಳೆಯಿತು. ಮದರಾಸಿನ ಸರ್ಕಾರವೇ ಬೇಸಿಗೆಗೆ ಅಲ್ಲಿಗೆ ಹತ್ತಿತು. ಮೈಸೂರು ಮಹಾರಾಜರೂ ಅಲ್ಲಿ ಅರಮನೆ ಮಾಡಿಕೊಂಡರು. ಎಮ್ಮೆ ಮೇಯಿಸುತ್ತಿದ್ದ ತೋಡರು ಪ್ರವಾಸಿಗರು ಫೋಟೋ ಹಿಡಿಯುವ ವಸ್ತುವಾದರು. ಗುಡ್ಡದ ಮೇಲೆ ಮನೆ ಕಟ್ಟುವವನು ಗಾಳಿಗೆ ಬೆಲೆ ಕೊಡುತ್ತಾನೆ, ನೋಟಕ್ಕೆ ಬೆಲೆ ಕೊಡುತ್ತಾನೆ. ಗಾಳಿ, ನೋಟ ಇರುವ ಕಡೆ ಮೊದಲೇ ಬದುಕುತ್ತಿದ್ದವನಿಗೆ ಮಾತ್ರ ಒಂದು ರೂಪಾಯಿ.

ಸಂಡೂರಿನ ಗುಡ್ಡಕ್ಕೆ ಮತ್ತೆ ಬರೋಣ. ಬಂಗಲೆಯವರು ಹೋದ ಮೇಲೆ ಗಣಿಯವರು ಬಂದರು. ಮ್ಯಾಂಗನೀಸು, ಕಬ್ಬಿಣದ ಅದಿರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಗುಡ್ಡ ಕರಗಿ ಲಾರಿ ಹತ್ತಿ ಹೋಯಿತು. ಆಮೇಲೆ ಷರತ್ತುಗಳೊಂದಿಗೆ ಗಣಿಗಳು ಹಂತ ಹಂತವಾಗಿ ಮತ್ತೆ ತೆರೆದವು. ಈಗ ಮಳೆಗಾಲ ಬಂದು ಉಳಿದ ಗುಡ್ಡ ಹಸಿರಾದರೆ ಕಾರುಗಳ ಸಾಲು ಹತ್ತುತ್ತದೆ. ಕಾರು ಬಂದ ಕಡೆ ಪ್ಲಾಟು ತೋರಿಸುವವನೂ ಬರುತ್ತಾನೆ. ಗುಡ್ಡ ಒಬ್ಬನಿಗೆ ಗಾಳಿಯಾಯಿತು, ಇನ್ನೊಬ್ಬನಿಗೆ ಅದಿರಾಯಿತು, ಮತ್ತೊಬ್ಬನಿಗೆ ನೋಟವಾಗುತ್ತಿದೆ. ಗುಡ್ಡದ ಬುಡದವರಿಗೆ ಮೂರು ಕಾಲದಲ್ಲೂ ಕೂಲಿಯೇ. ಇದೇ ಸಂಡೂರಿನಲ್ಲಿ 1930ರ ದಶಕದಲ್ಲಿ ಅರಸರು ಕುಮಾರಸ್ವಾಮಿ ಗುಡಿಯ ಬಾಗಿಲನ್ನು ದಲಿತರಿಗೆ ತೆರೆದರು, ಗಾಂಧೀಜಿ ಮೆಚ್ಚಿಕೊಂಡರು. ಸಂತೋಷ. ಆದರೆ ನೆಲದ ಬಾಗಿಲು ತಾನಾಗಿ ತೆರೆಯಲಿಲ್ಲ. ಅದಕ್ಕಾಗಿ 1973ರಲ್ಲಿ ಬಡ ರೈತರು ಸತ್ಯಾಗ್ರಹ ಹೂಡಬೇಕಾಯಿತು, ಜೈಲು ನೋಡಬೇಕಾಯಿತು. ಗುಡಿಯ ಬಾಗಿಲು ತೆರೆಯೋದು ಸುಲಭ, ಪಹಣಿಯ ಕಾಲಂ ತೆರೆಯೋದು ಕಷ್ಟ. ಈ ಮಾತನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಡಿ.

ಮರಿಯಮ್ಮನಹಳ್ಳಿಯ ಇನ್ನೊಂದು ಬದಿಗೆ ತುಂಗಭದ್ರೆಯ ಹಿನ್ನೀರು. 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತ ಅಣೆಕಟ್ಟೆ ಎಷ್ಟೋ ಊರುಗಳನ್ನು ನುಂಗಿತು. ಮುಳುಗಿದ ಊರುಗಳ ಜನ ಬಂದು ನೆಲೆಸಿದ ಊರು ಇದು. ನಮ್ಮ ಅಜ್ಜ ಅಜ್ಜಿಯರು ಮೊದಲನೇ ಮನೆಯನ್ನೇ ನೀರಿಗೆ ಕೊಟ್ಟವರು. ಪಟ್ಟಾ ಇದ್ದವನಿಗೆ ಪರಿಹಾರದ ಮಾತಾದರೂ ಇತ್ತು. ಪರರ ಹೊಲದಲ್ಲಿ ಜೀತ ಮಾಡುತ್ತಿದ್ದವನ ಹತ್ತಿರ ಯಾವ ಕಾಗದ ಇತ್ತು? ನಾಳೆ ಅದೇ ನೀರಿನ ದಂಡೆಯಲ್ಲಿ ಯಾರಾದರೂ 'ನೀರಿನ ನೋಟ ಇರುವ ನಿವೇಶನ' ಅಂತ ಬೋರ್ಡು ನೆಟ್ಟರೆ, ನೋಟದ ಕೆಳಗೆ ಮುಳುಗಿರೋದು ಯಾರ ಒಲೆ ಅಂತ ಅವನಿಗೆ ಹೇಳೋರು ಬೇಕಲ್ಲ? ಆ ಮಾತು ಓದಿದ ನಿಮ್ಮಿಂದಲೇ ಬರಬೇಕು.

ಹೊಳೆಯ ಗುಂಟ ಹಂಪಿಯ ಕಡೆ ನಡೆದರೆ ಪಾಠ ಇನ್ನೂ ಸ್ಪಷ್ಟ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳ ಮೇಲೆ ಬುಲ್ಡೋಜರು ಬಂತು. ಕಡ್ಡಿರಾಂಪುರದಲ್ಲಿ ಜಾಗ ಕೊಡುತ್ತೇವೆ ಅಂದರು. ಆ ಜಾಗಕ್ಕಾಗಿ ಜನ ವರ್ಷಗಟ್ಟಲೆ ಕಾದರು. ಹೊಳೆಯ ಆಚೆ, ಕೊಪ್ಪಳ ಜಿಲ್ಲೆಯ ವಿರುಪಾಪುರ ಗಡ್ಡಿಯಲ್ಲಿ, ಭತ್ತದ ಗದ್ದೆಗಳ ನಡುವೆ ರೆಸಾರ್ಟುಗಳು ಎದ್ದಿದ್ದವು. ಅವುಗಳ ವ್ಯಾಜ್ಯ ಕೋರ್ಟು ಮೆಟ್ಟಿಲು ಹತ್ತಿ ಇಳಿದು 2020ರವರೆಗೆ ನಡೆಯಿತು. ಆ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಕಟ್ಟಡಗಳು ಬಿದ್ದವು. ಪರಂಪರೆ ಉಳಿಯಬೇಕು ಅನ್ನೋದಕ್ಕೆ ನಮ್ಮ ತಕರಾರಿಲ್ಲ. ಆ ಕಲ್ಲು ಕಡಿದ ಕೈಗಳು ನಮ್ಮವೇ. ನಮ್ಮ ಪ್ರಶ್ನೆ ಬೇರೆ. ವಕೀಲರನ್ನು ಇಡುವ ಶಕ್ತಿ ಇದ್ದವನ ಮನೆ ಬೀಳೋಕೆ ಎಷ್ಟು ವರ್ಷ, ಇಲ್ಲದವನ ಮನೆ ಬೀಳೋಕೆ ಎಷ್ಟು ದಿನ? ಗಡ್ಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು, ಹಾಸಿಗೆ ಝಾಡಿಸುತ್ತಿದ್ದ ಹುಡುಗ, ಇವರಿಗೆ ಕಟ್ಟಡ ಏಳುವಾಗ ಪಾಲಿರಲಿಲ್ಲ, ಬೀಳುವಾಗ ಮಾತಿರಲಿಲ್ಲ. ಕೂಲಿ ಇದ್ದರೂ ಕಾಗದ ಇಲ್ಲದವನ ಗತಿ ಇಷ್ಟೇ.

ಕೊಡಗಿನಲ್ಲಿ ಇದು ಕಣ್ಣಿಗೆ ರಾಚುವಂತಿದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಲೆಮಾರುಗಟ್ಟಲೆ ಬದುಕಿದ ಯರವರು, ಜೇನುಕುರುಬರು, ಪಣಿಯರು ಕೆಲವರು ಹೊರಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರು. 2016ರ ಡಿಸೆಂಬರಿನಲ್ಲಿ 500ಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು, ಅರಣ್ಯ ಜಾಗ ಅಂತ ಹೇಳಿ, ಕೆಡವಿದರು. ಜನ ಕದಲಲಿಲ್ಲ. ಹೋರಾಟ ರಾಜ್ಯವನ್ನೆಲ್ಲ ಮುಟ್ಟಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಅದೇ ಸರ್ಕಾರಿ ಯಂತ್ರ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಕಾಫಿ, ಮೆಣಸು, ಏಲಕ್ಕಿ ಬೆಳೆಗಾರರು ಒತ್ತುವರಿ ಮಾಡಿಕೊಂಡ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ದಾರಿ ಮಾಡಿತು. ಬಡವ ಗುಡಿಸಲಿಗೆ ಒಂದು ಗುಂಟೆ ಹಿಡಿದರೆ ಅತಿಕ್ರಮಣ. ಉಳ್ಳವನು 25 ಎಕರೆ ಹಿಡಿದರೆ ಗುತ್ತಿಗೆ. ಆ ತೋಟಗಳ ಮೂಲೆಯಲ್ಲಿ ಹೋಮ್‌ಸ್ಟೇ ಎದ್ದಾಗ ಲೈನ್ ಮನೆಯ ಹುಡುಗಿ ಕಾಫಿ ಕೊಯ್ಲು ಮುಗಿಸಿ ಅತಿಥಿಗಳ ತಟ್ಟೆ ತೊಳೆಯೋಕೆ ಹೋಗುತ್ತಾಳೆ. ಅವಳ ಮನೆ ಮಾತ್ರ ಈಗಲೂ ಧಣಿಯ ಜಾಗದಲ್ಲೇ ಇದೆ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಇನ್ನು ಕಾನೂನಿಗೆ ಬರೋಣ. ಇದನ್ನು ಗಮನವಿಟ್ಟು ಓದಿ.

ಕೃಷಿಕರಲ್ಲದವರು, ದೊಡ್ಡ ಆದಾಯದವರು ಹೊಲ ಕೊಳ್ಳದಂತೆ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಅನ್ನೋ ಕಲಮುಗಳಿದ್ದವು. 1974ರ ತಿದ್ದುಪಡಿಯಲ್ಲಿ ಬಂದವು. ಕಳ್ಳದಾರಿಯಲ್ಲಿ ಕೊಳ್ಳುವವರು ಆಗಲೂ ಇದ್ದರು, ಆದರೆ ಬೇಲಿ ಅಂತ ಒಂದಿತ್ತು. 2020ರಲ್ಲಿ ಆ ಕಲಮುಗಳನ್ನು ಕಿತ್ತುಹಾಕಿದರು. ಈಗ ಹಣ ಇದ್ದ ಯಾರು ಬೇಕಾದರೂ ಗುಡ್ಡದ ಬುಡದ ಹೊಲವನ್ನು ಹೊಲವಾಗಿಯೇ ಕೊಂಡು, ಆಮೇಲೆ ಭೂಪರಿವರ್ತನೆಗೆ ಅರ್ಜಿ ಹಾಕಬಹುದು. ಇದರಿಂದ ನಮಗಾಗುವ ನಷ್ಟ ಏನು? ಭೂಮಿ ಇಲ್ಲದ ಪರಿಶಿಷ್ಟ ಜಾತಿಯ ಹೆಂಗಸರಿಗೆ ಜಮೀನು ಕೊಡಿಸೋ ಭೂ ಒಡೆತನ ಯೋಜನೆ ಅಂತ ಒಂದಿದೆ. ಅಂಬೇಡ್ಕರ್ ಅಭಿವೃದ್ಧಿ ನಿಗಮ ನಡೆಸುತ್ತದೆ. ಅದಕ್ಕೆ ಒಂದು ದರದ ಮಿತಿ ಇರುತ್ತದೆ. ಬೆಂಗಳೂರಿನವನು ನೋಟ ನೋಡಿ ಬೆಲೆ ಏರಿಸಿದ ಊರಿನಲ್ಲಿ ಆ ಮಿತಿಗೆ ಮಾರೋ ರೈತ ಯಾರು? ಯೋಜನೆ ಪುಸ್ತಕದಲ್ಲಿ ಇರುತ್ತದೆ, ಜಮೀನು ಕೈಗೆ ಬರೋದಿಲ್ಲ. ಪಂಚಾಯ್ತಿಯವರು ಆಶ್ರಯ ಸೈಟಿಗೆ ಜಾಗ ಹುಡುಕಿದರೂ ಇದೇ ಪಾಡು. ಒಬ್ಬನ ಎರಡನೇ ಮನೆ ಇನ್ನೊಬ್ಬಳ ಮೊದಲನೇ ಮನೆಯನ್ನು ತಡೆಯೋದು ಹೀಗೆ. ಯಾರೂ ಬೈಯೋದಿಲ್ಲ, ಹೊಡೆಯೋದಿಲ್ಲ, ಬೆಲೆಯೇ ಹೊರಗಿಡುತ್ತದೆ.

ಎರಡನೆಯದು, ನಮ್ಮ ಕೈಯಲ್ಲಿರೋ ಕಾಯ್ದೆ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1978ರಲ್ಲಿ ಬಂದ ಪರಿಶಿಷ್ಟ ಜಾತಿ, ಪಂಗಡಗಳ ಜಮೀನು ಪರಭಾರೆ ನಿಷೇಧ ಕಾಯ್ದೆ. ಎಲ್ಲರೂ ಪಿ.ಟಿ.ಸಿ.ಎಲ್. ಅಂತಾರೆ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ಸಹಾಯಕ ಆಯುಕ್ತರು ಅದನ್ನು ಬಿಡಿಸಿ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯೋದಿಲ್ಲ ಅಂದಿತು. ಆ ಒಂದು ಮಾತಿನಿಂದ ಎಷ್ಟೋ ಅರ್ಜಿಗಳು ಬಿದ್ದುಹೋದವು. ಜನ ರಸ್ತೆಗಿಳಿದರು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿ, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ ಬರೆಯಿತು. ತಡವಾಯಿತು ಅನ್ನೋ ವಾದವನ್ನು ಎದುರು ಪಕ್ಷದ ವಕೀಲರು ಇನ್ನೂ ಬಿಟ್ಟಿಲ್ಲ. ಅದಕ್ಕೇ ತಡ ಮಾಡಬೇಡಿ ಅನ್ನುತ್ತೇವೆ.

ಗುಡ್ಡದ ಬುಡದ ಜಮೀನಿಗೂ ಈ ಕಾಯ್ದೆಗೂ ನೇರ ಸಂಬಂಧ ಇದೆ. ಸರ್ಕಾರ ನಮ್ಮವರಿಗೆ ಎಂಥ ಜಮೀನು ಕೊಟ್ಟಿತು? ಕಾಲುವೆಯ ಕೆಳಗಿನ ಗದ್ದೆ ಕೊಟ್ಟಿತೇ? ಕಲ್ಲು, ಮೊರಡಿ, ಗುಡ್ಡದ ಓರೆ, ಯಾರಿಗೂ ಬೇಡದ ಮಸಾರಿ. ಬಂಡೆಯ ನಡುವೆ ಸಜ್ಜೆ ಬಿತ್ತಿ ನಮ್ಮ ಹಿರಿಯರು ಬೆನ್ನು ಬಾಗಿಸಿದರು. ಇವತ್ತು ಅದೇ ಬಂಡೆಗೆ ಬೆಲೆ. ಬಂಡೆಯ ಮೇಲೆ ಕೂತು ಸೂರ್ಯ ಮುಳುಗೋದನ್ನ ನೋಡೋಕೆ ಜನ ದುಡ್ಡು ಕೊಡುತ್ತಾರೆ. ನಮಗೆ ಬೇಡದ್ದು ಅಂತ ಕೊಟ್ಟಿದ್ದು ಅವರಿಗೆ ಬೇಕಾದ ದಿನ ದಲ್ಲಾಳಿ ಕೇರಿಗೆ ಬರುತ್ತಾನೆ. ಅವನು ಕಾರಿನಲ್ಲಿ ಬರೋದಿಲ್ಲ, ನಮ್ಮವನೊಬ್ಬನ ಬೈಕಿನ ಹಿಂದೆ ಕೂತು ಬರುತ್ತಾನೆ. "ಏನ್ ಬೆಳೀತೈತಿ ಯಜಮಾನ ಅಲ್ಲಿ? ಕಲ್ಲು ಬೆಳೀತೈತಿ. ಮಗಳ ಮದ್ವಿ ಐತಲ್ಲ, ಇದಕ್ಕೊಂದು ಹೆಬ್ಬೆಟ್ಟು ಒತ್ತು" ಅನ್ನುತ್ತಾನೆ. ಕ್ರಯಪತ್ರ ಆಗದು ಅಂತ ಅವನಿಗೆ ಗೊತ್ತು. ಅದಕ್ಕೆ ಅಗ್ರಿಮೆಂಟು ಅನ್ನುತ್ತಾನೆ, ಜಿ.ಪಿ.ಎ. ಅನ್ನುತ್ತಾನೆ, ಲೀಸು ಅನ್ನುತ್ತಾನೆ. ಮಗಳ ಮದುವೆ ಒಂದು ದಿನಕ್ಕೆ ಮುಗಿಯುತ್ತದೆ. ಬೇಲಿ ಹಾಗೇ ನಿಲ್ಲುತ್ತದೆ.

ಬೇಲಿ ಬಿದ್ದ ಮೇಲೆ ಊರು ಏನಾಗುತ್ತದೆ? ಹಳೇ ಊರು ನಮಗೆ ಸ್ವರ್ಗವಾಗಿತ್ತು ಅಂತ ನಾವು ಹೇಳೋದಿಲ್ಲ. ಬಾವಿಗೆ ಬಿಡದ ಊರು, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರು ಅದು. ಆದರೆ ಅಲ್ಲಿ ಎದುರಾಳಿ ಊರಲ್ಲೇ ಇರುತ್ತಿದ್ದ. ಜಗಳ ಆಡೋಕಾದರೂ ಎದುರಿಗೆ ಸಿಗುತ್ತಿದ್ದ. ಬೀಗ ಹಾಕಿದ ಮನೆಯವನು ಗ್ರಾಮಸಭೆಗೆ ಬರೋದಿಲ್ಲ. ಅವನ ಮಗು ಸರ್ಕಾರಿ ಶಾಲೆಗೆ ಬರೋದಿಲ್ಲ, ಹಾಗಾಗಿ ಶಾಲೆಗೆ ಮೇಷ್ಟರು ಇದ್ದಾರೋ ಇಲ್ಲವೋ ಅವನಿಗೆ ಬೇಕಿಲ್ಲ. ಹಟ್ಟಿಯ ನಳದಲ್ಲಿ ನೀರು ನಿಂತರೆ ಅವನಿಗೆ ತಿಳಿಯೋದಿಲ್ಲ, ಅವನ ಬೋರು ಆಳಕ್ಕೆ ಇಳಿದಿರುತ್ತದೆ. "ನಾನು ಜಾತಿ ನೋಡೋದಿಲ್ಲ" ಅನ್ನುತ್ತಾನೆ. ನಿಜವೇ ಇರಬಹುದು. ಆದರೆ ದನ ಗುಡ್ಡ ಹತ್ತುತ್ತಿದ್ದ ದಾರಿಗೆ ಅವನ ಗೇಟು ಅಡ್ಡ. ಕಟ್ಟಿಗೆ ತರುತ್ತಿದ್ದ ಅವ್ವ ಎರಡು ಮೈಲಿ ಸುತ್ತಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಸ್ಮಶಾನ. ಊರವರಿಗೆ ಬೇರೆ, ನಮಗೆ ಬೇರೆ ಅಂತ ಗುಡ್ಡದ ಓರೆಯಲ್ಲಿ ಬಾಯಿಮಾತಿನಲ್ಲಿ ಬಿಟ್ಟ ಜಾಗಕ್ಕೆ ಸರ್ವೆ ನಂಬರಿನಲ್ಲಿ ಗುರುತೇ ಇರೋದಿಲ್ಲ. ಅದು ಮಾರಾಟವಾದ ಮೇಲೆ ಹೆಣ ಹೊತ್ತುಕೊಂಡು ಯಾರ ಗೇಟಿನ ಮುಂದೆ ನಿಲ್ಲೋದು?

ಮರಿಯಮ್ಮನಹಳ್ಳಿ ನಾಟಕದ ಊರು. ಜೋಗತಿ ಕುಣಿತದ ಮಂಜಮ್ಮ ಜೋಗತಿ ಈ ಊರಿನಲ್ಲಿ ನೆಲೆನಿಂತು ಕಲೆ ಕಟ್ಟಿಕೊಂಡು, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೀದಿಯಲ್ಲಿ ಅವಮಾನ ಉಂಡವರಿಗೆ ಬೀದಿಯೇ ರಂಗವಾಯಿತು. ಆಟಕ್ಕೆ, ಕುಣಿತಕ್ಕೆ, ಅಲಾಯಿ ಹಬ್ಬಕ್ಕೆ ಬೇಕಾದ್ದು ರಾತ್ರಿ ಊರಲ್ಲಿ ಮಲಗುವ ಜನ, ಬೆಳಗಿನ ತನಕ ಕೂತು ನೋಡುವ ಜನ. ಒಂದು ಊರು ದೊಡ್ಡದೋ ಸಣ್ಣದೋ ಅನ್ನೋದನ್ನು ಕಟ್ಟಡ ಎಣಿಸಿ ಹೇಳೋಕಾಗದು. ರಾತ್ರಿ ಎಷ್ಟು ಮನೆಯಲ್ಲಿ ದೀಪ ಉರಿಯುತ್ತದೆ ಅಂತ ಎಣಿಸಿ ನೋಡಬೇಕು.

"ಕೆಲಸ ಸಿಗ್ತದಲ್ರಿ, ಅದನ್ಯಾಕ ಬ್ಯಾಡ ಅಂತೀರಿ?" ಅಂತ ನಮ್ಮ ಹುಡುಗರೇ ಕೇಳುತ್ತಾರೆ. ಕೇಳೋದು ಸರಿ. ಗಣಿಯ ಧೂಳಿಗಿಂತ ಹೋಮ್‌ಸ್ಟೇ ಅಡುಗೆಮನೆ ವಾಸಿ. ದುಡಿಯೋರನ್ನು ನಾವು ತಡೆಯೋದಿಲ್ಲ. ಕೂಲಿಯನ್ನು ಪಾಲು ಅಂತ ತಿಳಿಯಬೇಡಿ ಅನ್ನೋದಷ್ಟೇ ನಮ್ಮ ಮಾತು. ಅಪ್ಪನ ಹೊಲ ಹೋಗಿ ಅದೇ ಹೊಲದ ಗೇಟಿಗೆ ಮಗ ವಾಚ್‌ಮನ್ ಆದರೆ, ಅದನ್ನು ಉದ್ಯೋಗ ಅಂತ ಕರೆಯೋಕೆ ನಾಲಿಗೆ ಹೊರಳೋದಿಲ್ಲ. ಹೊಲ ನಿಮ್ಮ ಹೆಸರಿನಲ್ಲೇ ಉಳಿದು, ಬಂದ ಅತಿಥಿಗೆ ನೀವೇ ರೊಟ್ಟಿ ಬಡಿದು ಕೊಟ್ಟು ದುಡ್ಡು ಎಣಿಸಿಕೊಂಡರೆ ಅದು ಬೇರೆ ಮಾತು.

ಇನ್ನೂ ಒಂದು ಮಾತು, ಸ್ವಲ್ಪ ಖಾರವಾದದ್ದು. ನಾಳೆ ನಿಮಗೆ ನೌಕರಿ ಸಿಗುತ್ತದೆ. ಸಿಗಲೇಬೇಕು. ಐದು ವರ್ಷಕ್ಕೆ ನಿಮ್ಮ ಕೈಗೂ ಬಣ್ಣದ ಕಾಗದ ಬರುತ್ತದೆ: 'ಬೆಟ್ಟದ ತಪ್ಪಲಲ್ಲಿ ಪ್ಲಾಟು, ಸುಲಭ ಕಂತು.' ಆ ದಿನ ಆ ಪ್ಲಾಟಿನ ಹಳೇ ಪಹಣಿ ಕೇಳಿ. ಅದು ಯಾವುದೋ ಹಟ್ಟಿಯ ಮಂಜೂರಿ ಜಮೀನಾಗಿದ್ದರೆ, ಕೊಳ್ಳೋ ಕೈ ನಮ್ಮದಾದರೂ ಕಳಕೊಂಡ ಕೈಯೂ ನಮ್ಮದೇ. ಬಾಬಾಸಾಹೇಬರು 1947ರಲ್ಲಿ ಸಂವಿಧಾನ ಸಭೆಗಾಗಿ ಬರೆದ ಮನವಿಯಲ್ಲಿ, ಕೃಷಿಭೂಮಿ ಸರ್ಕಾರದ ಒಡೆತನಕ್ಕೆ ಬರಲಿ, ಜಾತಿ ಮತ ನೋಡದೆ ಊರ ಜನಕ್ಕೆ ಸಾಗುವಳಿಗೆ ಕೊಡಲಿ ಅಂತ ಕೇಳಿದ್ದರು. ನೆಲ ಇಲ್ಲದ ಸಮಾನತೆ ಕಾಗದದ ಮೇಲೆ ಉಳಿದುಬಿಡುತ್ತದೆ ಅಂತ ಅವರಿಗೆ ಗೊತ್ತಿತ್ತು.

ಈ ರಜೆಗೆ ಊರಿಗೆ ಹೋದಾಗ ನಾಲ್ಕು ಕೆಲಸ ಮಾಡಿ.

ಒಂದು, ಟ್ರಂಕಿನ ತಳದಲ್ಲಿರುವ ಸಾಗುವಳಿ ಚೀಟಿ, ಹಕ್ಕುಪತ್ರ ತೆಗೆದು ನೋಡಿ. ಸರ್ವೆ ನಂಬರು ಬರೆದುಕೊಳ್ಳಿ. ನಾಡಕಚೇರಿಯಲ್ಲಿ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಏನು ಋಣ ಬರೆದಿದೆ ಅಂತ ಓದಿ ಮನೆಯವರಿಗೆ ಜೋರಾಗಿ ಹೇಳಿ.

ಎರಡು, ಹೆಬ್ಬೆಟ್ಟು ಒತ್ತುವ ಮೊದಲು ಮನೆಯಲ್ಲಿ ಓದಿದವರೊಬ್ಬರು ಕಾಗದ ಓದಲೇಬೇಕು ಅಂತ ಕೇರಿಯಲ್ಲಿ ಕಟ್ಟು ಮಾಡಿ. ಈಗಾಗಲೇ ಹೋದ ಮಂಜೂರಿ ಜಮೀನಿಗೆ ಎ.ಸಿ. ಕಚೇರಿಯಲ್ಲಿ ಅರ್ಜಿ ಹಾಕಿಸಿ, ಸ್ವೀಕೃತಿ ಪಡೆಯಿರಿ.

ಮೂರು, ಸ್ಮಶಾನ, ದನದ ದಾರಿ, ಗೋಮಾಳ ಎಲ್ಲಿವೆ ಅಂತ ಹಿರಿಯರನ್ನು ಕರಕೊಂಡು ನಡೆದು ಗುರುತು ಮಾಡಿ. ಗ್ರಾಮಸಭೆಯಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯದ ಹಕ್ಕು ಬೇಲಿಯ ಒಳಗೆ ಹೋಗುತ್ತದೆ.

ನಾಲ್ಕು, ಮೂರು ಒಲೆ ಉರಿಯುವ ಮನೆಗಳ ಪಟ್ಟಿ ಮಾಡಿ. ಪಂಚಾಯ್ತಿಯಲ್ಲಿ ಹೊಸ ಲೇಔಟಿನ ಮಾತು ಬಂದ ದಿನ ಆ ಪಟ್ಟಿ ಮುಂದಿಟ್ಟು, ಮೊದಲು ಇವರಿಗೆ ಸೈಟು ಎಲ್ಲಿ ಅಂತ ಕೇಳಿ.

ಪಟ್ಟಿಗಳನ್ನು ಮುಂದಿನ ಸಭೆಗೆ ತನ್ನಿ. ಒಬ್ಬರ ಕೈಯ ಕಾಗದವನ್ನು ಕಚೇರಿಯವರು ಬದಿಗಿಡುತ್ತಾರೆ. ನೂರು ಕೈಯ ಕಾಗದ ಬಂದರೆ ಎದ್ದು ಕೂರುತ್ತಾರೆ.

ಜೈ ಭೀಮ್.